ಹೆಸರು ಸೂಚಿಸಿದ ಮಾತ್ರಕ್ಕೆ ‘ಫೆಲೋ’ ಆದಂತೆಯೇ?

ಹಕ್ಕಿ ವೀಕ್ಷಕರೊಬ್ಬರ ಫೋಟೊ ಜೊತೆ ‘ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ನಾಮನಿರ್ದೇಶನ, ಶೇರ್ ಮಾಡಿ’ ಎಂಬ ಮೆಸೇಜ್ ಬಂತು ಅಂದುಕೊಳ್ಳಿ. ಅವರು ಫೆಲೋ ಆಗಿಬಿಟ್ಟರೇ? ಇನ್ನೂ ಇಲ್ಲ. ಹೆಸರು ಸೂಚಿಸುವುದು ಮೊದಲ ಹೆಜ್ಜೆ ಅಷ್ಟೇ.

ಗಿಡ, ಪ್ರಾಣಿಗಳಿಗೆ ಎರಡು ಪದಗಳ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ ಹೆಸರಿನಲ್ಲಿ 1788ರಲ್ಲಿ ಹುಟ್ಟಿದ ಸಂಘವಿದು. ವಿಕಾಸದ ಬಗ್ಗೆ ಡಾರ್ವಿನ್ ಮತ್ತು ವಾಲೇಸ್ ಬರೆದದ್ದನ್ನು 1858ರ ಜುಲೈ 1ರಂದು ಓದಿದ್ದು ಇಲ್ಲಿನ ಸಭೆಯಲ್ಲೇ. ಫೆಲೋ ಆಗಲು ಡಿಗ್ರಿ ಬೇಕೆಂದೇನಿಲ್ಲ, ಪ್ರಕೃತಿ ಅಧ್ಯಯನದಲ್ಲಿ ನಿಜವಾದ ಆಸಕ್ತಿ ಬೇಕು. ಈಗಾಗಲೇ ಫೆಲೋ ಆಗಿರುವವರು ಶಿಫಾರಸು ಮಾಡಬೇಕು. ಆಮೇಲೆ ಮತ ಹಾಕಿ ಆಯ್ಕೆ.

ಆ ಮತದಲ್ಲಿ ಸೋಲೂ ಆಗಬಹುದು. ಸ್ಕಾಟ್ಲೆಂಡಿನ ಮೇರಿಯನ್ ಫಾರ್ಕರ್ಸನ್ ಜರೀಗಿಡಗಳನ್ನು ಚೆನ್ನಾಗಿ ಬಲ್ಲವರು, 1881ರಲ್ಲೇ ಅವುಗಳ ಬಗ್ಗೆ ಕೈಪಿಡಿ ಬರೆದಿದ್ದರು. ಆಗ ಸಂಘದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಅರ್ಹ ಮಹಿಳೆಯರನ್ನೂ ಸೇರಿಸಿಕೊಳ್ಳಿ ಎಂದು 1900ರಲ್ಲಿ ಮನವಿ ಕೊಟ್ಟವರು ಇವರೇ. ನಿಯಮ ಬದಲಾಯಿತು. 1904ರ ಡಿಸೆಂಬರ್‌ನಲ್ಲಿ 16 ಮಹಿಳೆಯರ ಹೆಸರು ಮತಕ್ಕೆ ಬಂತು. 15 ಮಂದಿ ಗೆದ್ದರು. ಸೋತವರು ಒಬ್ಬರೇ, ಬಾಗಿಲು ತಟ್ಟಿದ ಫಾರ್ಕರ್ಸನ್! ಅವರ ಜ್ಞಾನ ಕಡಿಮೆಯಿತ್ತೆಂದಲ್ಲ, ಅವರ ಹಟ ಕೆಲವರಿಗೆ ಹಿಡಿಸಿರಲಿಲ್ಲ ಎಂದೇ ನನಗನ್ನಿಸುತ್ತದೆ. 1908ರಲ್ಲಿ ಕೊನೆಗೂ ಆಯ್ಕೆಯಾದಾಗ, ಹೋಗಿ ದಾಖಲೆ ಪುಸ್ತಕಕ್ಕೆ ಸಹಿ ಹಾಕಲು ಆರೋಗ್ಯ ಬಿಡಲಿಲ್ಲ. 1912ರಲ್ಲಿ ತೀರಿಕೊಂಡರು.

ಎಲ್ಲ ಸಂಘಗಳೂ ಒಂದೇ ಥರ ಅಲ್ಲ. ಲಿನ್ನಿಯನ್ ಸೊಸೈಟಿಗೆ ನೀವೇ ಅರ್ಜಿ ಹಾಕಬಹುದು, ಸೇರಿದ ಮೇಲೆ ವಾರ್ಷಿಕ ಚಂದಾ ಕಟ್ಟಬೇಕು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ, ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನಲ್ಲಿ ಹಾಗಲ್ಲ, ಫೆಲೋ ಆಗಬೇಕಾದವರ ಹೆಸರನ್ನು ಬೇರೆಯವರು ಸೂಚಿಸಬೇಕು. ಹಾಗಾಗಿ ‘ಫೆಲೋ’ ಎಂಬ ಪದ ಒಂದೇ ಆದರೂ ತೂಕ ಬೇರೆ ಬೇರೆ.

ಮೆಸೇಜ್ ಮುಂದೆ ಕಳಿಸುವ ಮೊದಲು ಯಾವ ಸಂಘ, ಹೆಸರು ಸೂಚಿಸಿದ್ದಾರೋ ಇಲ್ಲ ಆಯ್ಕೆಯೇ ಆಗಿದೆಯೋ ನೋಡಿ. ಗುರುತು ಪರಿಚಯವಿಲ್ಲದ ‘ಅಂತರರಾಷ್ಟ್ರೀಯ ಅಕಾಡೆಮಿ’ ತಾನಾಗಿ ಇಮೇಲ್ ಕಳಿಸಿ, ನಿಮ್ಮನ್ನು ಫೆಲೋ ಮಾಡಿದ್ದೇವೆ, ಮೊದಲು ಹಣ ಕಟ್ಟಿ ಅಂದರೆ ಕಟ್ಟಬೇಡಿ. ಇನ್ನು ಮನೆಮದ್ದಿನ ಫಾರ್ವರ್ಡ್ ಕೆಳಗೆ ‘ಎಫ್‌ಎಲ್‌ಎಸ್’ ಎಂದಿದ್ದರೆ, ಬರೆದವರು ಲಿನ್ನಿಯನ್ ಸೊಸೈಟಿಯ ಫೆಲೋ ಎಂದಷ್ಟೇ ಅರ್ಥ. ಆ ಮದ್ದನ್ನು ಸಂಘ ಪರೀಕ್ಷಿಸಿದೆ ಎಂದಲ್ಲ.