ಅರಸೀಕೆರೆ ಸೀಮೆಯ ಇಬ್ಬರು ವೇಗದ ಬೌಲರರು: ಆಟದ ಅನಂತರದ ವೃತ್ತಿ

ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ ಹಾಗೂ ಅವನ ಮಗ ಚಾವಣರ ಹೆಸರುಗಳು ಕೆತ್ತಲ್ಪಟ್ಟಿವೆ. ವಿದ್ಯೆಯು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಇಳಿದುಬಂದುದಕ್ಕೆ ಇವು ಲಿಖಿತ ಸಾಕ್ಷ್ಯ. ಇದೇ ಸೀಮೆಯ ಈಚಿನ ಕ್ರೀಡಾಚರಿತ್ರೆಗೆ ಅಂಥ ಸಾಕ್ಷ್ಯ ಎಷ್ಟರಮಟ್ಟಿಗೆ ದೊರೆಯುತ್ತದೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಅರಸೀಕೆರೆ ತಾಲ್ಲೂಕಿನ ಜಾವಗಲ್ಲು ಹಳೇಬೀಡಿಗೆ ಸಮೀಪದ ಊರು. ಈ ಊರ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಶ್ರೀನಾಥರು 1969ರಲ್ಲಿ ಮೈಸೂರಿನಲ್ಲಿ ಜನಿಸಿದರು. 67 ಟೆಸ್ಟ್ ಪಂದ್ಯಗಳಲ್ಲಿ 236 ವಿಕೆಟ್ಟುಗಳನ್ನು ಪಡೆದು 2003ರಲ್ಲಿ ನಿವೃತ್ತರಾದರು. ಡೇವಿಡ್ ಜಾನ್ಸನ್ನರು 1971ರಲ್ಲಿ ಅರಸೀಕೆರೆಯಲ್ಲಿಯೇ ಜನಿಸಿದರು. 1995–96ರಲ್ಲಿ ಕೇರಳದ ವಿರುದ್ಧ ರಣಜಿ ಪಂದ್ಯವೊಂದರಲ್ಲಿ 152 ರನ್ನುಗಳಿಗೆ 10 ವಿಕೆಟ್ಟುಗಳನ್ನು ಗಳಿಸಿ ಗಮನ ಸೆಳೆದರು. 1996ರ ಅಕ್ಟೋಬರಿನಲ್ಲಿ ಶ್ರೀನಾಥರು ಗಾಯಗೊಂಡಿದ್ದ ಕಾರಣ, ದೆಹಲಿಯಲ್ಲಿ ಆಸ್ಟ್ರೇಲಿಯದ ಎದುರು ಜಾನ್ಸನ್ನರಿಗೆ ಸ್ಥಾನ ದೊರೆಯಿತು. ಡಿಸೆಂಬರಿನಲ್ಲಿ ಡರ್ಬನ್ನಿನಲ್ಲಿ ಇಬ್ಬರೂ ಒಟ್ಟಿಗೆ ಆಡಿದರು. ಜಾನ್ಸನ್ನರ ಟೆಸ್ಟ್ ಜೀವನ ಅಲ್ಲಿಗೇ ಮುಗಿಯಿತು: ಎರಡು ಪಂದ್ಯ, ಮೂರು ವಿಕೆಟ್ಟು.

ಆಟ ಮುಗಿದ ಮೇಲೆ ಇಬ್ಬರ ದಾರಿಗಳು ಬೇರೆಯಾದವು. ಶ್ರೀನಾಥರು 2006ರಿಂದ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಮ್ಯಾಚ್ ರೆಫರಿಯಾದರು. 2010ರಲ್ಲಿ ಅನಿಲ್ ಕುಂಬ್ಳೆಯವರು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದಾಗ ಅದರ ಕಾರ್ಯದರ್ಶಿಯಾದರು. ಅಂಪೈರರ ದೂರುಗಳನ್ನು ವಿಚಾರಿಸಿ ದಂಡ ವಿಧಿಸುವುದೂ ಪಂದ್ಯದ ವರದಿಯನ್ನು ಸಲ್ಲಿಸುವುದೂ ರೆಫರಿಯ ಕರ್ತವ್ಯಗಳು. ಆದುದರಿಂದ ಆ ವೃತ್ತಿಯ ಪ್ರತಿಯೊಂದು ಹೆಜ್ಜೆಗೂ ಕಾಗದಪತ್ರದ ಆಧಾರವುಂಟು.

ಜಾನ್ಸನ್ನರು ಬೆಂಗಳೂರಿನಲ್ಲಿ ಕ್ರಿಕೆಟ್ ಶಾಲೆ ನಡೆಸಿ ಮಕ್ಕಳಿಗೆ ತರಬೇತಿ ನೀಡಿದರು; 2024ರ ಜೂನಿನಲ್ಲಿ ನಿಧನರಾದರು. ಅವರು ಪ್ರಥಮ ದರ್ಜೆಯ 39 ಪಂದ್ಯಗಳಲ್ಲಿ ಗಳಿಸಿದ 125 ವಿಕೆಟ್ಟುಗಳನ್ನು ಅಂಕಪಟ್ಟಿಗಳು ಎಣಿಸಿಟ್ಟಿವೆ. ಆದರೆ ಬಾಲಕನೊಬ್ಬನ ಓಟದ ಅಳತೆಯನ್ನೋ ಚೆಂಡು ಹಿಡಿಯುವ ಬೆರಳುಗಳನ್ನೋ ತಿದ್ದಿದ ದಿನವನ್ನು ಯಾವ ಅಂಕಪಟ್ಟಿಯೂ ಬರೆದಿಡುವುದಿಲ್ಲ. ಶಿಕ್ಷಕನ ಕೆಲಸಕ್ಕೆ ಶಿಷ್ಯರ ನೆನಪೇ ಶಾಸನ.

ಚರಿತ್ರಕಾರನು ಅಂಕಪಟ್ಟಿಯನ್ನೇ ನಂಬಿದರೆ ಜಾನ್ಸನ್ನರ ಸಾಧನೆ ಎರಡು ಪಂದ್ಯಗಳಿಗೆ ಸಂಕುಚಿತವಾಗುತ್ತದೆ. ಕಲ್ಲಿನ ಮೇಲಿನ ಅಕ್ಷರ ಒಂಬತ್ತು ಶತಮಾನ ಉಳಿಯಿತು. ನೆನಪು ಅಷ್ಟು ಕಾಲ ಉಳಿಯದು. ಇಂಥ ಶಿಕ್ಷಕರಿಂದ ಕಲಿತವರು ನಮ್ಮ ನಡುವೆ ಇರುವಾಗಲೇ ಅವರ ಮಾತುಗಳನ್ನು ಬರೆದಿಡುವ ಕಾರ್ಯವನ್ನು ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಕೈಗೊಳ್ಳಬೇಕೆಂದು ನಾವು ಸೂಚಿಸುತ್ತೇವೆ.