ಮೊಸರಿನ ಹುಳಿ, ಹೃದಯದ ಸ್ಟೆಂಟು

ಮೊಸರು ಹುಳಿಯಾಗೋದು ಲ್ಯಾಕ್ಟಿಕ್ ಆಮ್ಲದಿಂದ ಅಂತ ನಾವೆಲ್ಲ ಸ್ಕೂಲಿನಲ್ಲಿ ಓದಿದ್ದೇವೆ. ಅದೇ ಆಮ್ಲದ ಅಣುಗಳನ್ನು ಸರದ ಹಾಗೆ ಪೋಣಿಸುತ್ತಾ ಹೋದರೆ ಒಂದು ಪ್ಲಾಸ್ಟಿಕ್ ಸಿಗುತ್ತೆ. ಪಾಲಿಲ್ಯಾಕ್ಟಿಕ್ ಆಸಿಡ್, ಅಂದರೆ ಪಿಎಲ್‌ಎ. 3ಡಿ ಪ್ರಿಂಟರ್ ಬಳಸಿದವರಿಗೆ ಹೆಸರು ಗೊತ್ತಿರುತ್ತೆ. ಈ ಪ್ಲಾಸ್ಟಿಕ್ ಹೃದಯದ ರಕ್ತನಾಳದಲ್ಲಿ ಕೂತು, ಕೆಲಸ ಮುಗಿಸಿ, ಮಾಯವಾಗುತ್ತೆ ಅಂತ ಕೆಲವು ವರ್ಷ ಹೃದಯತಜ್ಞರು ದೊಡ್ಡ ಭರವಸೆ ಇಟ್ಟುಕೊಂಡಿದ್ದರು.

1930ರ ದಶಕದ ಶುರುವಿನಲ್ಲಿ ಡುಪಾಂಟ್ ಕಂಪನಿಯ ವಾಲೇಸ್ ಕರೋದರ್ಸ್ ಈ ಜಾತಿಯ ಪಾಲಿಯೆಸ್ಟರ್‌ಗಳನ್ನು ಮಾಡಿ ನೋಡಿದರು. ಸ್ವಲ್ಪ ಬಿಸಿಗೇ ಮೆತ್ತಗಾಗುತ್ತಿದ್ದವು, ನೀರಿನಲ್ಲಿ ಒಡೆದುಹೋಗುತ್ತಿದ್ದವು. ಇಸ್ತ್ರಿ, ಒಗೆತ ಎರಡನ್ನೂ ತಡೆಯದ ಬಟ್ಟೆ ಯಾರಿಗೆ ಬೇಕು? ಬೇರೆ ದಾರಿ ಹಿಡಿದರು, 1935ರಲ್ಲಿ ನೈಲಾನ್ ಸಿಕ್ಕಿತು.

ನೀರಿಗೆ ಒಡೆಯುವ ಆ ದೋಷವೇ ಗುಣ ಅನ್ನೋದು ಕಂಡಿದ್ದು ಸರ್ಜರಿಯವರಿಗೆ. 1966ರಲ್ಲಿ ಅಮೆರಿಕ ಸೇನೆಯ ವೈದ್ಯಕೀಯ ಪ್ರಯೋಗಾಲಯದಿಂದ ಕುಲಕರ್ಣಿ (ಹೌದು, ಕುಲಕರ್ಣಿನೇ!) ಮತ್ತು ಸಂಗಡಿಗರು ಪಿಎಲ್‌ಎಯನ್ನು ಪ್ರಾಣಿಗಳ ದೇಹದಲ್ಲಿಟ್ಟು ನೋಡಿದ ವರದಿ ಪ್ರಕಟಿಸಿದರು. ದೇಹ ಅದನ್ನು ಸಹಿಸಿಕೊಂಡಿತು, ನಿಧಾನಕ್ಕೆ ಅರಗಿಸಿಯೂ ಕೊಂಡಿತು. ನೀರು ಸರವನ್ನು ತುಂಡುಮಾಡುತ್ತೆ, ಲ್ಯಾಕ್ಟಿಕ್ ಆಮ್ಲ ಉಳಿಯುತ್ತೆ, ಅದನ್ನು ಏನು ಮಾಡಬೇಕು ಅಂತ ನಮ್ಮ ಮೈಗೆ ಮೊದಲೇ ಗೊತ್ತು. 1970ರ ದಶಕದಲ್ಲಿ ಡೆಕ್ಸಾನ್, ವಿಕ್ರಿಲ್ ಅನ್ನೋ ಹೊಲಿಗೆ ದಾರಗಳು ಬಂದವು. "ಹೊಲಿಗೆ ಬಿಚ್ಚಿಸೋಕೆ ಬರೋದು ಬೇಡ, ತಾನೇ ಕರಗುತ್ತೆ" ಅಂತ ಡಾಕ್ಟರ್ ನಿಮಗೆ ಹೇಳಿದ್ದರೆ, ಅದು ಬಹುಶಃ ಈ ಕುಟುಂಬದ ದಾರವೇ.

ಹೃದಯದ ಕಡೆ ಕಥೆ ಬೇರೆಯೇ ನಡೆಯುತ್ತಿತ್ತು. 1977ರಲ್ಲಿ ಜೂರಿಕ್‌ನ ಆಂಡ್ರಿಯಾಸ್ ಗ್ರೂಂಟ್ಸಿಗ್, ತಮ್ಮ ಅಡುಗೆಮನೆಯಲ್ಲಿ ಕೂತು ರೂಪಿಸಿದ ಬಲೂನಿನಿಂದ, ಕಟ್ಟಿಕೊಂಡ ಹೃದಯ ರಕ್ತನಾಳವನ್ನು ಅಗಲ ಮಾಡಿದರು. ಆದರೆ ಬಲೂನಿನಿಂದ ಹಿಗ್ಗಿಸಿದ ನಾಳಗಳು ಎಷ್ಟೋ ಸಲ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. 1986ರಲ್ಲಿ ಫ್ರಾನ್ಸಿನ ಜಾಕ್ ಪ್ಯುಯೆಲ್, ಸ್ವಿಟ್ಜರ್ಲೆಂಡಿನ ಉಲ್ರಿಚ್ ಸಿಗ್ವಾರ್ಟ್ ಲೋಹದ ಜಾಲರಿ ಹಾಕಿದರು. ಅದೇ ಸ್ಟೆಂಟು. ಅದರ ಅಗತ್ಯ ಕೆಲವು ತಿಂಗಳು, ನಾಳದ ಗಾಯ ಮಾಯುವ ತನಕ. ಇರೋದು ಮಾತ್ರ ಜೀವನಪೂರ್ತಿ. ಆರ್‌ಸಿಸಿ ಹಾಕಿ ವರ್ಷಗಳಾದರೂ ಸೆಂಟ್ರಿಂಗ್ ಬಿಚ್ಚದೆ, ಆ ಕಂಬಗಳ ನಡುವೆಯೇ ಸಂಸಾರ ಮಾಡಿದ ಹಾಗೆ.

ಹಾಗಾದರೆ ಕರಗುವ ಸ್ಟೆಂಟು ಯಾಕೆ ಬೇಡ? ಜಪಾನಿನ ಹಿಡಿಯೊ ತಮಾಯ್ ಮತ್ತು ಕೇಜಿ ಇಗಾಕಿ ಪಿಎಲ್‌ಎ ಸ್ಟೆಂಟು ಮಾಡಿ, 15 ರೋಗಿಗಳಿಗೆ ಹಾಕಿದ ವರದಿ 2000ದಲ್ಲಿ ಬಂತು. ಪ್ಲಾಸ್ಟಿಕ್ ಚೆನ್ನಾಗಿ ಅರಳಲಿ ಅಂತ ಬಲೂನಿಗೆ ತುಂಬುವ ದ್ರವವನ್ನು 80 ಡಿಗ್ರಿವರೆಗೆ ಕಾಯಿಸಿದ್ದರಂತೆ. ಓದುವಾಗಲೇ ನನಗೆ ಎದೆ ಝಲ್ಲೆಂದಿತು! ಆದರೂ ಆರು ತಿಂಗಳಲ್ಲಿ ಒಬ್ಬರಿಗೆ ಮಾತ್ರ ಮತ್ತೆ ಆಂಜಿಯೋಪ್ಲಾಸ್ಟಿ ಬೇಕಾಯಿತು.

ಆಮೇಲೆ ಅಬಾಟ್ ಕಂಪನಿಯ 'ಅಬ್ಸಾರ್ಬ್' ಬಂತು. 2006ರಲ್ಲಿ ಮೊದಲ ರೋಗಿಗಳು, 2012ರಲ್ಲಿ ಭಾರತದ ಮಾರುಕಟ್ಟೆ, 2016ರಲ್ಲಿ ಅಮೆರಿಕದ ಅನುಮತಿ. ಆ ವರ್ಷಗಳಲ್ಲೇ ನಮ್ಮ ಸೋದರಮಾವನಿಗೆ ಆಂಜಿಯೋಪ್ಲಾಸ್ಟಿ ಆಯಿತು. "ಕರಗೋದೇ ಹಾಕಿ ಡಾಕ್ಟ್ರೇ, ಮೈಯೊಳಗೆ ಕಬ್ಬಿಣ ಯಾಕೆ?" ಅಂದರು ಅತ್ತೆ. ಇವರ ನಾಳ ಸಣ್ಣದು, ಆ ಸ್ಟೆಂಟಿನ ಕಡ್ಡಿ ದಪ್ಪ, ಬೇಡಮ್ಮಾ ಅಂದರು ಡಾಕ್ಟರು.

ಎಡವಟ್ಟು ಇದ್ದದ್ದು ಅಲ್ಲೇ. ಲೋಹದಷ್ಟು ಗಟ್ಟಿ ಇಲ್ಲದ ಪ್ಲಾಸ್ಟಿಕ್ಕಿಗೆ ಅಷ್ಟೇ ಭಾರ ಹೊರಿಸಬೇಕೆಂದರೆ ಕಡ್ಡಿ ದಪ್ಪ ಇರಲೇಬೇಕು. ಅಬ್ಸಾರ್ಬ್‌ನದು ಸುಮಾರು 150 ಮೈಕ್ರಾನ್, ಹೊಸ ಲೋಹದ ಸ್ಟೆಂಟಿನದು 80ರ ಆಸುಪಾಸು. ದಪ್ಪ ಕಡ್ಡಿ ರಕ್ತದ ಹರಿವಿಗೆ ಅಡ್ಡ. ಜೊತೆಗೆ ಪೂರ್ತಿ ಕರಗೋಕೆ ಸುಮಾರು ಮೂರು ವರ್ಷ. ಅಷ್ಟರಲ್ಲಿ ಕಡ್ಡಿ ತುಂಡಾಗಿ ನಾಳದೊಳಕ್ಕೆ ಚಾಚುವ ಅಪಾಯ. ಸೆಂಟ್ರಿಂಗ್‌ನ ಯಾರೂ ಬಿಚ್ಚಿಕೊಂಡು ಹೋಗಲ್ಲ, ಅದು ಮನೆಯೊಳಗೇ ಕುಸಿಯುತ್ತೆ. 2017ರಲ್ಲಿ ನೆದರ್ಲೆಂಡ್ಸ್‌ನ 'ಆಯ್ಡಾ' ಅಧ್ಯಯನ ಲೆಕ್ಕ ಕೊಟ್ಟಿತು: ಸುಮಾರು ಎರಡು ವರ್ಷದಲ್ಲಿ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಲೋಹ ಹಾಕಿಸಿಕೊಂಡವರಲ್ಲಿ ಶೇ. 0.9, ಕರಗುವುದನ್ನು ಹಾಕಿಸಿಕೊಂಡವರಲ್ಲಿ ಶೇ. 3.5. ಅದೇ ಸೆಪ್ಟೆಂಬರಿನಲ್ಲಿ ಅಬ್ಸಾರ್ಬ್ ಮಾರಾಟ ನಿಂತಿತು.

ಅಷ್ಟಕ್ಕೇ ಕರಗುವ ಪಾಲಿಮರ್‌ಗಳು ಹೃದಯ ಬಿಟ್ಟು ಹೋದವು ಅಂದುಕೊಳ್ಳಬೇಡಿ. ಇವತ್ತಿನ ಸ್ಟೆಂಟುಗಳು ಔಷಧಿ ಸವರಿಕೊಂಡು ಬರುತ್ತವೆ, ಆ ಔಷಧಿಯನ್ನು ಹಿಡಿದಿಡೋಕೆ ಒಂದು ಪಾಲಿಮರ್ ಬೇಕು. ಮೊದಲ ತಲೆಮಾರಿನ ಲೇಪ ಔಷಧಿ ಮುಗಿದ ಮೇಲೂ ಅಲ್ಲೇ ಉಳಿದು ಕೆಲವರಲ್ಲಿ ಉರಿಯೂತ ತಂದಿತ್ತು. ಈಗ ಕೆಲವು ಸ್ಟೆಂಟುಗಳಲ್ಲಿ ಲೇಪ ಮಾತ್ರ ಕರಗುತ್ತೆ, ಲೋಹ ಉಳಿಯುತ್ತೆ. 2015ರಲ್ಲಿ ಅಮೆರಿಕದ ಅನುಮತಿ ಪಡೆದ 'ಸಿನರ್ಜಿ'ಯಲ್ಲಿ ನಾಳದ ಗೋಡೆಗೆ ತಾಗುವ ಹೊರಮೈಗಷ್ಟೇ ತೆಳು ಲೇಪ, ಕೆಲವೇ ತಿಂಗಳಲ್ಲಿ ಅದೂ ಇಲ್ಲ. ಕರಗುವುದಕ್ಕೆ ಭಾರ ಹೊರಿಸೋದು ಬಿಟ್ಟರು, ಅಷ್ಟೇ. ನನ್ನ ಪ್ರಕಾರ ಈ ಕಥೆಯಲ್ಲಿ ನಿಜವಾದ ಜಾಣತನ ಇದೇ.

ಪೂರ್ತಿ ಕರಗುವ ಸ್ಟೆಂಟೂ ವಾಪಸ್ ಬಂದಿದೆ, ಹೃದಯಕ್ಕಲ್ಲ, ಕಾಲಿಗೆ. 2024ರ ಏಪ್ರಿಲ್‌ನಲ್ಲಿ ಅಬಾಟ್‌ನದೇ 'ಎಸ್ಪ್ರಿಟ್'ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮೊಣಕಾಲ ಕೆಳಗಿನ ನಾಳ ಕಟ್ಟಿಕೊಂಡು ಕಾಲನ್ನೇ ಕತ್ತರಿಸಬೇಕಾದ ಸ್ಥಿತಿಗೆ ಬರುವವರಿಗೆ, ಅವರಲ್ಲಿ ಶುಗರ್ ಇರುವವರೇ ಜಾಸ್ತಿ, ಬರೀ ಬಲೂನಿಗಿಂತ ಇದು ಚೆನ್ನಾಗಿ ನಾಳವನ್ನು ತೆರೆದಿಡುತ್ತೆ ಅಂತ ಅಧ್ಯಯನದಲ್ಲಿ ಕಂಡಿತ್ತು. ಈ ಸಲ ಕಡ್ಡಿಯನ್ನೂ ತೆಳು ಮಾಡಿದ್ದಾರೆ.