ದೋಷದ ಅಳತೆ: ಬೆಂಗಳೂರಿನ ಹೊರವಲಯದ ಗಣಿತ ವಿಭಾಗ ಮತ್ತು ಅದರ ಗಣಕ ಪ್ರಯೋಗಾಲಯ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ಗಣಕಯಂತ್ರವೆಂದರೆ ಉದ್ಯೋಗದ ಹೆಬ್ಬಾಗಿಲು ಎಂಬ ಭಾವನೆಯೇ ಮೊದಲು ಮೂಡುವುದರಿಂದ, ಆ ಸೀಮೆಯ ಪದವಿ ಕಾಲೇಜುಗಳ ಗಣಿತ ವಿಭಾಗದಲ್ಲಿಯೂ ಕಂಪ್ಯೂಟರ್ ಲ್ಯಾಬನ್ನು ಆ ಬಾಗಿಲಿನ ಮೆಟ್ಟಿಲೆಂದೇ ಎಣಿಸುವ ಪ್ರವೃತ್ತಿ ಬಲವಾಗಿದೆ. ಈ ಎಣಿಕೆಯು ಗಣಿತಕ್ಕೆ ನ್ಯಾಯ ಒದಗಿಸದೆಂದೂ, ಗಣಿತದ ವಿದ್ಯಾರ್ಥಿಯು ಯಂತ್ರದ ಮುಂದೆ ಕುಳಿತು ಕಲಿಯತಕ್ಕ ಮೊದಲ ಪಾಠವು ಅದು ಕೊಟ್ಟ ಉತ್ತರದಲ್ಲಿ ದೋಷವೆಷ್ಟೆಂದು ಅಳೆಯುವುದೇ ಎಂದೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ನಗರದ ಪೂರ್ವದಲ್ಲಿ, ವೈಟ್‌ಫೀಲ್ಡಿಗೆ ಹೋಗುವ ದಿಕ್ಕಿನಲ್ಲಿರುವ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವು ಸಿದ್ಧವಾಯಿತು. ಭಾರತದಲ್ಲಿ ಆ ಜಾತಿಯ ಮೊದಲ ಯಂತ್ರವೆಂದು ಅದು ಪ್ರಸಿದ್ಧ. ದ್ರವಗತಿಯ ಸಮೀಕರಣಗಳು ಮೊದಲೇ ಇದ್ದು, ಕೈಲೆಕ್ಕಕ್ಕೆ ಒಗ್ಗದ ಅವುಗಳ ಒತ್ತಾಯದಿಂದಲೇ ಯಂತ್ರವು ಹುಟ್ಟಿತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದೇ ಸಂಸ್ಥೆಯ ಬೇಲೂರು ಆವರಣದಲ್ಲಿ 1988ರಲ್ಲಿ ಗಣಿತೀಯ ಮಾದರಿ ಮತ್ತು ಗಣಕ ಅನುಕರಣೆಗೆಂದೇ ಒಂದು ಕೇಂದ್ರವೂ ಸ್ಥಾಪಿತವಾಯಿತು. ಇದಕ್ಕೆ ಪ್ರತಿಯಾಗಿ, 1999ರಲ್ಲಿ ವೈಟ್‌ಫೀಲ್ಡಿನ ಐ.ಟಿ.ಪಿ.ಎಲ್. ಕಟ್ಟಡದಲ್ಲಿ ಆರಂಭವಾಗಿ 2003ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ನೆಲೆ ಬದಲಿಸಿದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ಉದ್ಯಮದ ಮಗ್ಗುಲಲ್ಲಿಯೇ ಬೆಳೆಯಿತು. ಎರಡು ಪರಂಪರೆಗಳೂ ಮಾನ್ಯವಾದವು. ಆದರೆ ಗಣಿತ ವಿಭಾಗದ ಲ್ಯಾಬು ಮೊದಲನೆಯದರ ವಾರಸುದಾರನೆಂಬುದು ನನ್ನ ನಿಷ್ಕರ್ಷೆ.

ಬೆಂಗಳೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಗಣಿತದ ಪ್ರಾಯೋಗಿಕ ಪಠ್ಯಕ್ರಮವು ಸೈಲ್ಯಾಬ್, ಮ್ಯಾಕ್ಸಿಮಾ ಎಂಬ ಮುಕ್ತ ತಂತ್ರಾಂಶಗಳನ್ನು ಹೆಸರಿಸಿ ಅಂಗೀಕರಿಸಿದುದು ಒಂದು ದೂರದೃಷ್ಟಿಯ ಕಾರ್ಯ. ಮ್ಯಾಕ್ಸಿಮಾ ಅಮೆರಿಕದ ಎಂ.ಐ.ಟಿ.ಯಲ್ಲಿ 1960ರ ದಶಕದ ಅಂತ್ಯದಲ್ಲಿ ತೊಡಗಿದ ‘ಮ್ಯಾಕ್‌ಸಿಮಾ’ (Macsyma) ಎಂಬ ತಂತ್ರಾಂಶದ ಸಂತತಿ. ಅದನ್ನು ವರ್ಷಗಟ್ಟಲೆ ಒಬ್ಬಂಟಿಯಾಗಿ ಪೋಷಿಸಿದ ವಿಲಿಯಂ ಶೆಲ್ಟರ್ 1998ರಲ್ಲಿ ಅನುಮತಿ ಪಡೆದು ಸರ್ವರಿಗೂ ಮುಕ್ತಗೊಳಿಸಿದರು. ಸೈಲ್ಯಾಬ್ ಹುಟ್ಟಿದ್ದು ಫ್ರಾನ್ಸಿನ ಇನ್ರಿಯಾ ಸಂಸ್ಥೆಯಲ್ಲಿ. 1980ರಿಂದ 1984ರವರೆಗೆ ಆ ಸಂಸ್ಥೆಯ ಅಧ್ಯಕ್ಷರಾಗಿದ್ದ ಗಣಿತಜ್ಞ ಝಾಕ್ ಲೂಯಿ ಲಿಯೋನ್ಸರು ಬೆಂಗಳೂರಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ನಡೆಸಿದ ಅನ್ವಯಿಕ ಗಣಿತ ಕಾರ್ಯಕ್ರಮಕ್ಕೂ ಆಪ್ತರಾಗಿದ್ದರೆಂಬುದನ್ನು ನೆನೆದಾಗ, ಈ ತಂತ್ರಾಂಶವು ನಮಗೆ ತೀರ ಪರಕೀಯವಾಗಿ ತೋರದು. ಪ್ರತಿ ಯಂತ್ರಕ್ಕೂ ಪರವಾನಗಿಯ ಹಣ ತೆರಬೇಕಿಲ್ಲದ ಕಾರಣ, ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವ ತಂದೆಯ ಮಗಳು ಕಾಲೇಜಿನಲ್ಲಿ ಬಳಸಿದ ಸಾಧನವನ್ನೇ ಪೆನ್ ಡ್ರೈವಿನಲ್ಲಿ ಮನೆಗೊಯ್ದು, ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು, ರಾತ್ರಿ ತನ್ನ ಲೆಕ್ಕವನ್ನು ಮುಂದುವರಿಸಬಲ್ಲಳು.

ಆಕೆ ಸೈಲ್ಯಾಬಿನಲ್ಲಿ 0.1+0.2-0.3 ಎಂದು ಬರೆದು ಎಂಟರ್ ಒತ್ತಿದಳೆನ್ನೋಣ. ಸೊನ್ನೆ ಬರಬೇಕಾದ ಕಡೆ 5.551D-17 ಎಂಬ ಉತ್ತರ ಮೂಡುತ್ತದೆ. ದಶಮಾಂಶದಲ್ಲಿ ಮೂರನೆಯ ಒಂದು ಭಾಗವು ಹೇಗೆ ಮುಗಿಯದೋ ಹಾಗೆಯೇ ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗವೂ ಮುಗಿಯದು. ಯಂತ್ರವು 53 ದ್ವಿಮಾನ ಅಂಕಗಳ ಅತಿ ಸಮೀಪದ ಬೆಲೆಗೆ ಅದನ್ನು ಹೊಂದಿಸುತ್ತದೆ. ಲೆಕ್ಕದ ಕೊನೆಗೆ ಉಳಿದ ಚೂರು ಎರಡರ ಋಣ 54ನೆಯ ಘಾತ. ಮ್ಯಾಕ್ಸಿಮಾದಲ್ಲಿ 1/10+2/10-3/10 ಎಂದು ಭಿನ್ನರಾಶಿಯಾಗಿ ಬರೆದರೆ ನಿಷ್ಕೃಷ್ಟವಾದ ಸೊನ್ನೆಯೇ ದೊರೆಯುತ್ತದೆ. ಅಲ್ಲಿಯೂ ದಶಮಾಂಶದಲ್ಲಿ ಬರೆದರೆ ಅದೇ ಚೂರು ಉಳಿಯುತ್ತದೆ. ಆದುದರಿಂದ ದೋಷವು ತಂತ್ರಾಂಶದ್ದಾಗಿರದೆ ಸಂಖ್ಯೆಯನ್ನು ಇರಿಸಿದ ರೂಪದ್ದೆಂದು ವಿದ್ಯಾರ್ಥಿನಿ ತಾನಾಗಿಯೇ ಕಂಡುಕೊಳ್ಳುತ್ತಾಳೆ. ಕರಿಹಲಗೆಯ ಮೇಲೆ ಒಂದು ಗಂಟೆ ವಿವರಿಸಿದರೂ ಈ ಅರಿವು ಇಷ್ಟು ಗಟ್ಟಿಯಾಗಿ ಕೂರದೆಂದು ನನ್ನ ದೃಢವಾದ ನಂಬಿಕೆ.

ಲೆಕ್ಕದ ಕ್ರಮದಿಂದಲೇ ಬರುವ ಇನ್ನೊಂದು ಬಗೆಯ ದೋಷವಿದೆ. y′ = y, y(0) = 1 ಎಂಬ ಸಮೀಕರಣವನ್ನು ಆಯ್ಲರನ ಕ್ರಮದಿಂದ x = 1ರವರೆಗೆ ಬಿಡಿಸುವಾಗ, ಹೆಜ್ಜೆ 0.1 ಆದರೆ 2.5937, ಹೆಜ್ಜೆ 0.05 ಆದರೆ 2.6533 ಬರುತ್ತದೆ, ನಿಜವಾದ ಬೆಲೆ 2.7183. ಹೆಜ್ಜೆ ಅರ್ಧವಾದಾಗ ದೋಷವೂ 0.1245ರಿಂದ 0.0650ಕ್ಕೆ, ಅಂದರೆ ಹೆಚ್ಚುಕಡಮೆ ಅರ್ಧಕ್ಕೆ, ಇಳಿಯಿತು. ಈ ಪಾಠಗಳಿಗೆ ಹೊಸ ಯಂತ್ರವಾಗಲಿ ಅತಿವೇಗದ ಪ್ರೊಸೆಸರ್ ಆಗಲಿ ಬೇಕಿಲ್ಲ. ಬೇಕಾದುದು ಪಾಠವೇಳೆ ಮುಗಿದ ಮೇಲೂ ತೆರೆದಿರುವ ಲ್ಯಾಬು, ಕರೆಂಟು ಹೋದಾಗ ಕೈಕೊಡದ ಯು.ಪಿ.ಎಸ್., ಇವೆರಡಕ್ಕಿಂತ ಮಿಗಿಲಾಗಿ ಗಣಿತ ಬಲ್ಲ, ಕನ್ನಡದಲ್ಲಿಯೂ ತಿಳಿಯಹೇಳಬಲ್ಲ ಬೋಧಕರು. ನಾನು ನೋಡಿದ ಅನೇಕ ರೆಕಾರ್ಡ್ ಪುಸ್ತಕಗಳಲ್ಲಿ ಎಡಪುಟದಲ್ಲಿ ಪ್ರೋಗ್ರಾಮು, ಬಲಪುಟದಲ್ಲಿ ಔಟ್‌ಪುಟ್ಟು, ಕೆಳಗೆ ಸಹಿ, ಇಷ್ಟೇ ಇರುತ್ತಿತ್ತು. ಆ ಬಲಪುಟದಲ್ಲಿ, ಸಹಿಗಿಂತ ಮೇಲೆ, ‘ದೋಷ’ವೆಂಬ ಇನ್ನೊಂದು ಕಲಮು ಸೇರಿ, ಅದಕ್ಕೂ ಪರೀಕ್ಷೆಯಲ್ಲಿ ಅಂಕಗಳು ನಿಗದಿಯಾಗಬೇಕೆಂದು ಪಠ್ಯಕ್ರಮ ರಚಿಸುವ ಮಂಡಳಿಗಳ ಮುಂದೆ ಸವಿನಯವಾಗಿ ನಿವೇದಿಸುತ್ತೇನೆ.